ಆ್ಯಪ್ ಹೇಳೂ ಮಳಿಗೂ ರಸ್ತ್ಯಾಗ ಬೀಳೂ ಮಳಿಗೂ ತಾಳ ಇಲ್ಲ: ಹುಬ್ಬಳ್ಳಿ–ಧಾರವಾಡ ಸೈಕಲ್ ಮ್ಯಾಲೆ ಹೋಗೋರು ಯಾವುದನ್ನ ನಂಬಬೇಕು?

ವಿದ್ಯಾನಗರ_ಪೆಡಲ್:

ಎಲ್ಲಾರಿಗೂ ನಮಸ್ಕಾರ್ರಿ. ವಿದ್ಯಾನಗರದಿಂದ ಧಾರವಾಡ ಜುಬಿಲಿ ಸರ್ಕಲ್ ಹತ್ರದ ಆಫೀಸಿಗೆ ವಾರಕ್ಕ ನಾಕು ದಿನ ಸೈಕಲ್. ಒಂದು ಕಡಿಗೆ ಸುಮಾರು 17 ಕಿ.ಮೀ., 65–70 ನಿಮಿಷ. ಮುಂಜಾನೆ 8ಕ್ಕ ಬಿಡೂದು, ಸಂಜಿಕೆ 5:30ಕ್ಕ ವಾಪಸ್. ಹೈಬ್ರಿಡ್ ಸೈಕಲ್, 700x35 ಟೈರು, ವಿ-ಬ್ರೇಕು, ಮಡ್‌ಗಾರ್ಡ್ ಇಲ್ಲ.

ಫೋನಿನಾಗ ಮೂರು ಆ್ಯಪ್ ಅದಾವ, ಮೂರೂ ಮೂರು ಥರ ಹೇಳ್ತಾವ. ಒಂದು 80 ಪರ್ಸೆಂಟ್ ಅಂದ ದಿನ ಬಿಸಲು, ಇನ್ನೊಂದು 10 ಪರ್ಸೆಂಟ್ ಅಂದ ದಿನ ಸತ್ತೂರ ದಾಟೂದ್ರೊಳಗ ತೊಯ್ದು ತೊಪ್ಪಿ. ನನ್ನ ಪ್ರಶ್ನಿ ಮೂರು. ಈ ಪರ್ಸೆಂಟಿನ ಅರ್ಥ ಏನು? ಮನಿ ಬಿಡೂ ಮುಂಚೆ ಖರೇನ ನೋಡಬೇಕಾದ್ದು ಯಾವುದು? ಮುನ್ಸೂಚನೆ ತಪ್ಪಿದ್ರೂ ನಡೀತದ ಅನ್ನೂ ಹಂಗ ಸೈಕಲ್ಲಿಗೆ ಏನೇನು ಹಾಕಿಸಬೇಕು?

ಸಪ್ತಾಪುರ_ಮಳೆಮಾಪಕ:

ಮೊದಲು ಆ್ಯಪ್ ಯಾಕೆ ತಪ್ಪುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಯಾವಾಗ ನಂಬಬೇಕು ಅನ್ನುವುದು ತಾನಾಗಿ ಬಗೆಹರಿಯುತ್ತದೆ.

ಹೆಚ್ಚಿನ ಆ್ಯಪ್‌ಗಳ ಹಿಂದೆ ಇರುವುದು ಜಾಗತಿಕ ಮಾದರಿಗಳು, ಅಂದರೆ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವ್ಯವಸ್ಥೆಗಳು. ಅವು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಮಾದರಿಯ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್‌ನದು ಸುಮಾರು 13 ಕಿ.ಮೀ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಿಂದ ಬಳಸುತ್ತಿರುವ ಭಾರತ್ ಫೋರ್‌ಕಾಸ್ಟ್ ಸಿಸ್ಟಂನದು 6 ಕಿ.ಮೀ. ಅಂದರೆ ನಿಮ್ಮ ಇಡೀ ದಾರಿ ಎರಡು-ಮೂರು ಚೌಕದೊಳಗೆ ಮುಗಿದುಹೋಗುತ್ತದೆ. ಒಂದು ಚೌಕದ ಕಾಲು ಭಾಗದಲ್ಲಿ 20 ಮಿ.ಮೀ. ಸುರಿದು ಉಳಿದ ಮುಕ್ಕಾಲು ಭಾಗ ಒಣಗಿದ್ದರೂ ಚೌಕದ ಸರಾಸರಿ 5 ಮಿ.ಮೀ. ಆಗುತ್ತದೆ. ಆ್ಯಪ್ ತೋರಿಸುವುದು ಆ 5 ಮಿ.ಮೀ. ನವನಗರದಲ್ಲಿದ್ದವರಿಗೂ ಅದು ಸುಳ್ಳು, ರಾಯಾಪುರದಲ್ಲಿ ನೆನೆದವರಿಗೂ ಸುಳ್ಳು.

ಪರ್ಸೆಂಟ್ ಮಳೆಯ ಪ್ರಮಾಣವನ್ನಾಗಲಿ, ಎಷ್ಟು ಹೊತ್ತು ಸುರಿಯುತ್ತದೆ ಅನ್ನುವುದನ್ನಾಗಲಿ ಹೇಳುವುದಿಲ್ಲ. ಆ ಜಾಗದಲ್ಲಿ ಆ ಅವಧಿಯಲ್ಲಿ ಅಳೆಯುವಷ್ಟು ಮಳೆ ಬೀಳುವ ಸಾಧ್ಯತೆ ಎಷ್ಟು, ಅಷ್ಟೇ ಅದರ ಅರ್ಥ. "ಇವತ್ತು 80" ಅನ್ನುವುದಕ್ಕೂ "8ರಿಂದ 9ರವರೆಗೆ 15" ಅನ್ನುವುದಕ್ಕೂ ವಿರೋಧವಿಲ್ಲ, ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ನಿಮಗೆ ಬೇಕಾದ್ದು ಎರಡನೆಯದು. ದಿನದ ಚಿತ್ರ ನೋಡುವುದನ್ನೇ ಬಿಡಿ, ಗಂಟೆಗಂಟೆಯ ಪಟ್ಟಿ ತೆಗೆಯಿರಿ. ಊರಿನ ಹೆಸರು ಹಾಕಿ ಹುಡುಕಬೇಡಿ. ವಿದ್ಯಾನಗರ, ನವನಗರ, ಜುಬಿಲಿ ಸರ್ಕಲ್ ಮೂರಕ್ಕೂ ಬೇರೆಬೇರೆ ಗುರುತು ಹಾಕಿ ಇಟ್ಟುಕೊಳ್ಳಿ. ಧಾರವಾಡ ಮಲೆನಾಡಿನ ಅಂಚು. ಅಳ್ನಾವರ, ಕಲಘಟಗಿ ಕಡೆ ಹೋದಷ್ಟೂ ಮಳೆ ಜಾಸ್ತಿ, ನವಲಗುಂದ ಕಡೆ ಹೋದಷ್ಟೂ ಕಡಿಮೆ. 20 ಕಿ.ಮೀ. ಅಂತರದಲ್ಲೇ ಆ ವ್ಯತ್ಯಾಸ ಶುರುವಾಗಿಬಿಡುತ್ತದೆ.

ಇಲಾಖೆಯ ಹಳದಿ, ಕಿತ್ತಳೆ ಎಚ್ಚರಿಕೆಗಳನ್ನೂ ತಪ್ಪು ಓದುವವರೇ ಹೆಚ್ಚು. ಅದು ಇಡೀ ಜಿಲ್ಲೆಗೆ ಕೊಟ್ಟದ್ದು. ಭಾರಿ ಮಳೆ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಹೆಚ್ಚು. ಬುಲೆಟಿನ್‌ನಲ್ಲಿ "ಐಸೋಲೇಟೆಡ್" ಅಂತ ಇದ್ದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಅನ್ವಯ. ಅದು ಕಲಘಟಗಿಯಲ್ಲಿ ಸುರಿದು ಹೋದರೂ ಎಚ್ಚರಿಕೆ ಸರಿಯೇ. ಮತ್ತೆ ಅವರ ದಿನ ಮುಗಿಯುವುದು ಮರುದಿನ ಮುಂಜಾನೆ 8:30ಕ್ಕೆ. ನಡುರಾತ್ರಿ ಎರಡು ಗಂಟೆಗೆ ಬಂದ ಮಳೆಯೂ ಇವತ್ತಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಋತು. ನಮ್ಮ ಕಡೆ ಮೂರು ಥರದ ಮಳೆ, ಮೂರರಲ್ಲೂ ಮುನ್ಸೂಚನೆ ತಪ್ಪುವ ರೀತಿ ಬೇರೆ.

ಏಪ್ರಿಲ್–ಮೇ ಅಡ್ಡಮಳೆ: ಮಧ್ಯಾಹ್ನ ನೆಲ ಕಾದು ಮೂರು ಗಂಟೆಯ ನಂತರ ಮೋಡ ಮೇಲಕ್ಕೆ ಬೆಳೆಯುತ್ತದೆ. ಯಾವ ಊರಿನ ಮೇಲೆ ಅನ್ನುವುದನ್ನು ಮುಂಜಾನೆಯೇ ಹೇಳಲು ಯಾವ ಮಾದರಿಗೂ ಆಗುವುದಿಲ್ಲ. ಆ ತಿಂಗಳು 8 ಗಂಟೆಯ ಸವಾರಿ ಬಹುತೇಕ ಒಣ, ತಾಪತ್ರಯವೆಲ್ಲ ಸಂಜೆ 5:30ರದು. ಇಲ್ಲಿ ಆ್ಯಪ್ ಬಿಟ್ಟು ರೇಡಾರ್ (ರೇಡಿಯೋ ಕಿರಣ ಬಿಟ್ಟು ಮೋಡದ ಹನಿಗಳನ್ನು ಪತ್ತೆಹಚ್ಚುವ ಯಂತ್ರ) ಚಿತ್ರ ನೋಡಬೇಕು.

ಜೂನ್ ಎರಡನೇ ವಾರದಿಂದ ಆಗಸ್ಟ್‌ವರೆಗಿನ ಮುಂಗಾರು: ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಅಂತ ಎಣಿಸುವ ದಿನಗಳು. ಜಿಟಿಜಿಟಿ ಮಳೆ, ಬಿಟ್ಟುಬಿಟ್ಟು ಬರುವುದು. ಬರುತ್ತದೆಯೋ ಇಲ್ಲವೋ ಅನ್ನುವುದನ್ನು ಆ್ಯಪ್ ಬಹುಮಟ್ಟಿಗೆ ಸರಿಯಾಗಿ ಹೇಳುತ್ತದೆ, ಯಾವ ಗಂಟೆಗೆ ಅನ್ನುವುದರಲ್ಲಿ ಎಡವುತ್ತದೆ. ಈ ಕಾಲದಲ್ಲಿ ರೇಡಾರ್ ಕೈಕೊಡುತ್ತದೆ. ಕಾರಣ ನೋಡಿ: ಗೋವಾದ ರೇಡಾರ್ ನಮಗೆ 125–140 ಕಿ.ಮೀ. ದೂರ. ಅದರ ಕಿರಣ ಅರ್ಧ ಡಿಗ್ರಿ ಮೇಲಕ್ಕೆ ಹೊರಟರೆ, ಭೂಮಿಯ ಬಾಗು ಸೇರಿ, ಇಲ್ಲಿಗೆ ಬರುವಷ್ಟರಲ್ಲಿ ಸುಮಾರು 2 ಕಿ.ಮೀ. ಎತ್ತರದಲ್ಲಿರುತ್ತದೆ. ಮುಂಗಾರಿನ ತಗ್ಗು ಮೋಡದ ತುಂತುರು ಅದರ ಕೆಳಗೇ ನುಸುಳಿಹೋಗುತ್ತದೆ. ಚಿತ್ರದಲ್ಲಿ ಏನೂ ಇಲ್ಲ, ರಸ್ತೆ ಪೂರ್ತಿ ಒದ್ದೆ.

ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಹಿಂಗಾರು: ಮತ್ತೆ ಗುಡುಗು ಮಳೆ, ಸಂಜೆ ಮತ್ತು ರಾತ್ರಿ. ಎತ್ತರದ ಮೋಡವಾದ್ದರಿಂದ ರೇಡಾರ್ ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಮೋಡ ಪಶ್ಚಿಮದಿಂದಲೇ ಬರಬೇಕು ಅಂತ ಕಾಯಬೇಡಿ, ಗದಗ ಕಡೆಯಿಂದಲೂ ಬರುತ್ತದೆ.

ರೇಡಾರ್ ಓದುವ ಕ್ರಮ: ಹವಾಮಾನ ಇಲಾಖೆಯ ಜಾಲತಾಣದಲ್ಲಿ ಗೋವಾ ರೇಡಾರ್ ತೆಗೆದು ಮ್ಯಾಕ್ಸ್-ಝಡ್ ಚಿತ್ರ ನೋಡಿ. ಮೂಲೆಯಲ್ಲಿ ಸಮಯ ಯುಟಿಸಿ (ಜಾಗತಿಕ ಸಮಯ) ಅಂತ ಇದ್ದರೆ 5 ಗಂಟೆ 30 ನಿಮಿಷ ಕೂಡಿಸಿ. ಇದನ್ನು ಮರೆತು ಹಳೇ ಚಿತ್ರ ಅಂದುಕೊಂಡು ಮುಚ್ಚಿಬಿಡುವವರು ಬಹಳ. ಊರಿನ ಹೆಸರು ಸಿಗದಿದ್ದರೆ ಕೇಂದ್ರದಿಂದ ನೇರ ಪೂರ್ವಕ್ಕೆ 125–140 ಕಿ.ಮೀ. ಅಳೆಯಿರಿ, ಅದೇ ನೀವು. ಬಣ್ಣದ ಪಟ್ಟಿಯಲ್ಲಿ 20 ಡಿಬಿಝಡ್ (ಹನಿಗಳಿಂದ ಮರಳಿದ ಕಿರಣದ ಬಲದ ಅಳತೆ) ಅಂದರೆ ತುಂತುರು, 40 ದಾಟಿದರೆ ಜೋರು ಮಳೆ. 20 ನಿಮಿಷದ ಅಂತರದ ಎರಡು ಚಿತ್ರ ಇಟ್ಟು ಮೋಡ ಎಷ್ಟು ಸರಿದಿದೆ ನೋಡಿ. 10 ಕಿ.ಮೀ. ಸರಿದಿದ್ದರೆ ಗಂಟೆಗೆ 30 ಕಿ.ಮೀ. ವೇಗ. ನಿಮ್ಮಿಂದ 25 ಕಿ.ಮೀ. ದೂರದಲ್ಲಿದ್ದು ನಿಮ್ಮ ಕಡೆಗೇ ಬರುತ್ತಿದ್ದರೆ 50 ನಿಮಿಷ ಉಳಿದಿದೆ. ಒಂದು ಎಚ್ಚರ: ಮ್ಯಾಕ್ಸ್-ಝಡ್ ಎಲ್ಲ ಎತ್ತರಗಳ ಪೈಕಿ ಅತಿ ಹೆಚ್ಚಿನ ಬೆಲೆಯನ್ನು ತೋರಿಸುತ್ತದೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ಮೇಲಿನ ಹನಿ ನೆಲಕ್ಕೆ ಮುಟ್ಟುವ ಮುಂಚೆಯೇ ಆರಿಹೋಗಬಹುದು.

ನೋಡುವ ಹೊತ್ತೂ ಮುಖ್ಯ. ಮಾದರಿಗಳು ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಶುರು ಮಾಡುತ್ತವೆ, ಫಲಿತಾಂಶ ಬರಲು ಹಲವು ತಾಸು ಹಿಡಿಯುತ್ತದೆ. ಮುಂಜಾನೆ 5:30ರ ಅಳತೆ ಸೇರಿದ ಲೆಕ್ಕ ನಿಮ್ಮ ಕೈಗೆ ಬರುವುದು ಮಧ್ಯಾಹ್ನದ ಹೊತ್ತಿಗೆ. ಹಾಗಾಗಿ ಸಂಜೆಯ ಸವಾರಿಯನ್ನು ಮುಂಜಾನೆಯೇ ತೀರ್ಮಾನಿಸಬೇಡಿ. 4:30ಕ್ಕೆ ಒಮ್ಮೆ, 5:15ಕ್ಕೆ ಒಮ್ಮೆ ನೋಡಿ. ಇಲಾಖೆಯ ನೌಕಾಸ್ಟ್ (ತಕ್ಷಣದ ಮುನ್ಸೂಚನೆ) ಮುಂದಿನ ಮೂರು ತಾಸಿಗೆ ಮಾತ್ರ ಕೊಡುತ್ತಾರೆ, ಸೈಕಲ್ಲಿನವರಿಗೆ ದಿನದ ಮುನ್ಸೂಚನೆಗಿಂತ ಅದು ಹೆಚ್ಚು ಉಪಯೋಗ.

ಕಡ್ಡಿ_ಚೈನು:

ಮ್ಯಾಲಿನವರು ಮೋಡದ್ದು ಹೇಳ್ಯಾರ, ನಾ ಸೈಕಲ್ಲಿಂದು ಹೇಳ್ತೀನ್ರಿ. ಮೂರನೇ ಪ್ರಶ್ನಿಗೆ ಉತ್ತರ.

ಮಡ್‌ಗಾರ್ಡ್ ಇಲ್ಲದ ಸೈಕಲ್ ಮಳಿಗಾಲದಾಗ ಹೊರಗ ತೆಗೀಬ್ಯಾಡ್ರಿ. ಮ್ಯಾಲಿಂದ ಬರೂ ನೀರಿಗಿಂತ ಕೆಳಗಿಂದ ಗಾಲಿ ಎರಚೂ ನೀರು ಹೊಲಸು, ಮಳಿ ನಿಂತು ಅರ್ಧ ತಾಸಾದ್ರೂ ಅದು ನಿಲ್ಲೂದಿಲ್ಲ. 35ರ ಟೈರಿಗೆ 45 ಮಿ.ಮೀ. ಅಗಲದ್ದು, ಪೂರಾ ಉದ್ದಂದು ಹಾಕಸ್ರಿ. ಸೀಟಿನ ಕೆಳಗ ಸಿಗಸೂ ತುಂಡು ಪ್ಲಾಸ್ಟಿಕ್ ನಿಮ್ಮ ಬೆನ್ನು ಉಳಸ್ತದ, ಕಾಲು ಉಳಸೂದಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೇ ಟ್ಯೂಬ್ ಕತ್ತರಿಸಿ ಒಂದು ಗೇಣು ಉದ್ದದ ನಾಲಿಗಿ ಇಳಿಬಿಡ್ರಿ, ಬೂಟಿನ ಮ್ಯಾಲೆ ನೀರು ಬರೂದು ಅಲ್ಲಿಗೆ ನಿಂತಂಗ. ಟೈರಿಗೂ ಮಡ್‌ಗಾರ್ಡಿಗೂ ನಡುವ ಕಮ್ಮಿ ಅಂದ್ರೂ 10 ಮಿ.ಮೀ. ಸಂದು ಇರಲಿ. ನೀವು ಡಾಂಬರ್ ಬಿಟ್ಟು ಎರಿ ಮಣ್ಣಿನ ದಾರಿಗೆ ಇಳಿಯೂರಾದ್ರ ಅದೂ ಸಾಲೂದಿಲ್ಲ, ಹತ್ತು ಮಾರು ಹೋಗೂದ್ರಾಗ ಮಣ್ಣು ತುಂಬಿ ಗಾಲಿ ಕಚ್ಚಿ ನಿಲ್ತದ. ಅಂಥಲ್ಲಿ ಹೊತ್ತಕೊಂಡು ಹೋಗೂದ ಪಾಡ.

ಬ್ರೇಕು. ವಿ-ಬ್ರೇಕು ಒದ್ದಿ ರಿಮ್ಮಿನ ಮ್ಯಾಲೆ ಹಿಡದ ಕೂಡಲೇ ಕಚ್ಚೂದಿಲ್ಲ. ರಬ್ಬರು ಮೊದಲ ನೀರು ಒರಸಬೇಕು, ಆಮ್ಯಾಲೆ ಹಿಡಿತ ಬರ್ತದ. ಗಂಟೆಗೆ 25ರಾಗ ಹೊಂಟಿದ್ರ ಒಂದು ಸೆಕೆಂಡಿಗೆ 7 ಮೀಟರ್ ಮುಂದ ಹೋಗಿರ್ತೀರಿ. ಅದಕ್ಕ ನಿಲ್ಲಬೇಕಾದ ಜಾಗಾಕ್ಕಿಂತ ಭಾಳ ಮೊದಲ ಎರಡೂ ಬ್ರೇಕ್ ಹಗುರಕ ಮುಟ್ಟಿಸಿ ಒರಸಿಕೋತ ಹೋಗ್ರಿ. ನಿಮ್ಮ ದಾರಿಗೆ ಇದು ಭಾಳ ಮುಖ್ಯ, ಯಾಕಂದ್ರ ಧಾರವಾಡ ಎತ್ತರ, ಹುಬ್ಬಳ್ಳಿ ತಗ್ಗು. ಮುಂಗಾರಿನ್ಯಾಗ ಗಾಳಿ ಪಶ್ಚಿಮದ್ದು. ಮುಂಜಾನೆ ಏರು, ಎದುರುಗಾಳಿ, ಮಾರಿಗೆ ಹನಿ. ಸಂಜಿಕೆ ಇಳಿಜಾರು, ಬೆನ್ನಗಾಳಿ, ಒದ್ದಿ ರಿಮ್ಮು: ಮೂರೂ ಕೂಡಿ ವೇಗ ಗೊತ್ತಾಗಂಗಿಲ್ಲ. ಹಳೇ ಮಾದರಿ ರಾಡ್ ಬ್ರೇಕಿನ, ಉಕ್ಕಿನ ರಿಮ್ಮಿನ ಸೈಕಲ್ ಇದ್ದವರಂತೂ ಮಳ್ಯಾಗ ಬ್ರೇಕ್ ಐತಿ ಅಂತನ ತಿಳಕೋಬ್ಯಾಡ್ರಿ, ಉಕ್ಕು ತೊಯ್ದ್ರ ರಬ್ಬರು ಜಾರ್ತದ. ವಾರಕ್ಕೊಮ್ಮೆ ಬ್ರೇಕ್ ರಬ್ಬರ್ ಬಿಚ್ಚಿ ನೋಡ್ರಿ. ಮರಳಿನ ಹರಳು, ಅಲ್ಯೂಮಿನಿಯಂ ಚೂರು ಹೊಕ್ಕೊಂಡು ಕುಂತಿರ್ತಾವ, ಬೆಳ್ಳಗ ಮಿಂಚ್ತಾವ. ಸೂಜಿಲೆ ಕಿತ್ತು, ಮರಳ ಕಾಗದದ ಮ್ಯಾಲೆ ಒಂದೆರಡು ಸಲ ಉಜ್ಜಿ ಹಾಕ್ರಿ. ಬಿಟ್ಟ್ರ ರಿಮ್ಮು ಗೀರಿ ತೆಳ್ಳಗಾಗ್ತದ.

ಟೈರು: ಒಣ ದಿನಕ್ಕ 60 ಪಿಎಸ್‌ಐ ಹೊಡಿತಿದ್ರ ಮಳಿ ದಿನಕ್ಕ 50 ಸಾಕು, ಟೈರಿನ ಮಗ್ಗಲಿಗೆ ಬರದ ಕನಿಷ್ಠಕ್ಕಿಂತ ಕೆಳಗ ಹೋಗಬ್ಯಾಡ್ರಿ. ಜಾರೂ ಜಾಗಾ ಯಾವು ಅಂದ್ರ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಹೊಲದ ದಾರಿ ಬಂದು ಕೂಡೂ ಕಡೆ ಟ್ರ್ಯಾಕ್ಟರ್ ಉದುರಿಸಿದ ಮಣ್ಣು. ಭಾಳ ದಿನದ ಮ್ಯಾಲೆ ಬೀಳೂ ಮೊದಲನೇ ಮಳಿ ಎಲ್ಲಾಕ್ಕಿಂತ ಮೋಸ. ರಸ್ತಿ ಮ್ಯಾಲಿನ ಧೂಳು, ಆಯಿಲ್ ತೇಲಿ ಮ್ಯಾಲೆ ಬಂದಿರ್ತದ, ತೊಳದು ಹೋಗೂತನಕ ನಿಧಾನ.

ಟೋಲ್ ನಾಕಾ ಹತ್ರ ಜೋರು ಮಳ್ಯಾಗ ನೀರು ನಿಲ್ತದ. ಪೆಡಲ್ ತಿರುಗೂ ಆಕ್ಸಲ್ಲು ನೆಲದಿಂದ 27–28 ಸೆಂ.ಮೀ. ಮ್ಯಾಲೆ ಇರ್ತದ. ನೀರು ಅಷ್ಟು ಏರಿದ್ರ ಬೇರಿಂಗಿನ ಗ್ರೀಸ್ ತೊಳದು ಹೋಗ್ತದ, ತೆಗ್ಗೂ ಕಾಣೂದಿಲ್ಲ. ಇಳದು ನೂಕ್ರಿ, ಇಲ್ಲಾ ಕಾಯ್ರಿ.

ಚೈನು: ಹೊಲಿಗಿ ಮಿಷನ್ ಎಣ್ಣಿ ಒಂದ ಮಳಿಗೆ ತೊಳದು ಹೋಗ್ತದ. ಗ್ಯಾರೇಜಿನ ಕರಿ ಆಯಿಲ್ ಅಂತೂ ಬ್ಯಾಡೇ ಬ್ಯಾಡ, ಅದರಾಗಿನ ಲೋಹದ ಪುಡಿ ಚೈನು ತಿಂತದ. ಮಳಿಗಾಲಕ್ಕ ಅಂತನ ಸಿಗೂ ವೆಟ್ ಲ್ಯೂಬ್ ತಗೋರಿ. ಚಿಮಣಿ ಎಣ್ಣ್ಯಾಗ ಅರಿವಿ ಅದ್ದಿ ಚೈನು ಒರಸಿ, ಪೂರಾ ಆರಿಸಿ, ಒಂದೊಂದು ಕೊಂಡಿಗೆ ಒಂದೊಂದ ಹನಿ. ಪೆಡಲ್ ಹಿಂದಕ್ಕ ಇಪ್ಪತ್ತು ಸುತ್ತು ತಿರುಗಿಸಿ ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣಿ ಒರಸಿಬಿಡ್ರಿ. ಎಣ್ಣಿ ಒಳಗಿನ ಪಿನ್ನಿಗೆ ಬೇಕು, ಹೊರಗ ಉಳದ್ರ ಮಣ್ಣು ಹಿಡೀತದ. ತೊಯ್ದು ಬಂದ ದಿನ ಒಣ ಅರಿವಿಲೆ ಒರಸೂದು ಒಂದು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಸೀಟಿನ ಪೈಪ್ ಕಿತ್ತು ಸೈಕಲ್ ತಲಿಕೆಳಗ ಮಾಡ್ರಿ, ಫ್ರೇಮಿನ್ಯಾಗ ನಿಂತ ನೀರು ಹೊರಗ ಬರ್ತದ.

ಬೆಟಗೇರಿ_ಗಾಳಿ:

ಗದಗ ಕಡೆಯ ಅನುಭವದಿಂದ ಎರಡು ಮಾತು ಸೇರಿಸ್ತೀನಿ. ಇಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ಅದಕ್ಕೇ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಆ್ಯಪ್‌ನಲ್ಲಿ ಮಳೆಯ ಸಾಲಿಗಿಂತ ಗಾಳಿಯ ಸಾಲು ನೋಡುವುದು ಲಾಭ. ಮಳೆಯಷ್ಟು ಅದು ತಪ್ಪುವುದಿಲ್ಲ. ಆದರೆ ಆ ಅಂಕಿ ನೆಲದಿಂದ 10 ಮೀಟರ್ ಎತ್ತರದ ಸರಾಸರಿ ಗಾಳಿಯದು. ಪಕ್ಕದಲ್ಲಿ "ಗಸ್ಟ್" (ಒಮ್ಮೆಲೇ ನುಗ್ಗುವ ಜೋರು ಗಾಳಿ) ಅಂತ ಬೇರೆ ಅಂಕಿ ಇರುತ್ತದೆ, ಸೈಕಲ್ ಹೊಯ್ದಾಡಿಸುವುದು ಅದು. ಬಯಲಿನಲ್ಲಿ ಲಾರಿಯ ಮರೆ ತಪ್ಪಿದ ಕ್ಷಣಕ್ಕೇ ಅಡ್ಡಗಾಳಿ ಹೊಡೆಯುತ್ತದೆ. ಪೊಂಚೊ (ತಲೆಯಿಂದ ಇಳಿಬಿಡುವ ಸಡಿಲ ಮಳೆಹೊದಿಕೆ) ಹಾಕಿದ್ದರೆ ಹಾಯಿಪಟದಂತೆ ಉಬ್ಬಿ ರಸ್ತೆ ನಡುವಕ್ಕೆ ಎಳೆಯುತ್ತದೆ. ಹೆದ್ದಾರಿಯಲ್ಲಿ ಪೊಂಚೊ ಬೇಡ, ಜಾಕೆಟ್ಟೇ ಸರಿ.

ಎರಡನೆಯದು ಸಿಡಿಲು, ಯಾರೂ ಹೇಳಿಲ್ಲ. ಮಳೆಗೆ ನೆನೆದರೆ ಒಣಗುತ್ತದೆ, ಇದು ಹಾಗಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಹಾಕಿಕೊಳ್ಳಿ. ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಸಿಡಿಲು ಬಿದ್ದದ್ದನ್ನು ತೋರಿಸುತ್ತದೆ. ಫೋನ್ ನೋಡಲು ಆಗದಿದ್ದರೆ ಮಿಂಚು ಕಂಡ ಕೂಡಲೇ ಎಣಿಸಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡ್. 30 ಎಣಿಸುವುದರೊಳಗೆ ಗುಡುಗು ಕೇಳಿದರೆ 10 ಕಿ.ಮೀ. ಒಳಗೇ ಇದೆ, ಇಳಿದು ಪಕ್ಕಾ ಕಟ್ಟಡದ ಒಳಗೆ ಹೋಗಿ. ಕೊನೆಯ ಗುಡುಗಿನಿಂದ 30 ನಿಮಿಷ ಕಾದು ಹೊರಡಿ. ಹುಣಸೆ, ಬೇವಿನ ಮರದ ಕೆಳಗೆ ಬೇಡ, ಹೊಲದ ನಡುವಿನ ತಗಡಿನ ಚಪ್ಪರವೂ ಬೇಡ. ರಬ್ಬರ್ ಟೈರು ಕಾಪಾಡುತ್ತದೆ ಅನ್ನುವುದು ಸುಳ್ಳು. ಕಿಟಕಿ ಮುಚ್ಚಿದ ಬಸ್ಸು, ಕಾರು ಸುರಕ್ಷಿತವಾಗಿರುವುದು ಅದರ ಲೋಹದ ಮೈಯಿಂದ, ಟೈರಿನಿಂದ ಅಲ್ಲ.

ಇನ್ನೊಂದು ಗುರುತು ಕಣ್ಣಿಗೇ ಕಾಣುವಂಥದ್ದು. ಸೆಕೆಯ ಸಂಜೆ ಬೀಸುತ್ತಿದ್ದ ಗಾಳಿ ಒಮ್ಮೆಲೇ ನಿಂತು, ದಿಕ್ಕು ಬದಲಿಸಿ, ತಣ್ಣಗೆ ಧೂಳೆಬ್ಬಿಸಿ ಬಂದರೆ ಅದು ಮೋಡದೊಳಗಿಂದ ಇಳಿದು ನೆಲದ ಮೇಲೆ ಹರಡಿದ ಗಾಳಿ. ಮಳೆ ಕೆಲವೇ ನಿಮಿಷ ಹಿಂದಿದೆ. ಆಗ ಆ್ಯಪ್ ಏನೇ ಹೇಳಲಿ, ಆಸರೆ ಹುಡುಕಿ.

ವಿದ್ಯಾನಗರ_ಪೆಡಲ್:

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಮಡ್‌ಗಾರ್ಡ್ ಈ ವಾರನ ಹಾಕಸ್ತೀನಿ. ಇನ್ನೊಂದು ಕೇಳ್ತೀನಿ. ಎಷ್ಟು ಪರ್ಸೆಂಟ್ ಇದ್ರ ಸೈಕಲ್ ಬಿಡಬೇಕು ಅಂತ ಒಂದು ಅಂಕಿ ಹೇಳಾಕ ಬರ್ತದೇನ್ರಿ? ಮತ್ತ ಜಾಕೆಟ್ ಹಾಕ್ಕೊಂಡ್ರ ಒಳಗ ಬೆವತು ಅಷ್ಟ ತೊಯ್ತೀವಲ್ಲ, ಅದಕ್ಕೇನು?

ಸಪ್ತಾಪುರ_ಮಳೆಮಾಪಕ:

ಒಂದೇ ಅಂಕಿ ಇಟ್ಟುಕೊಂಡರೆ ಮೋಸಹೋಗುತ್ತೀರಿ. ಒಂದೊಂದು ನಿರ್ಧಾರಕ್ಕೆ ಒಂದೊಂದು ಅಂಕಿ ಬೇಕು. ತಪ್ಪಿದರೆ ಏನು ನಷ್ಟ ಅನ್ನುವುದರ ಮೇಲೆ ಅದು ನಿಂತಿದೆ. ಜಾಕೆಟ್ ಚೀಲದಲ್ಲಿ ಹಾಕುವುದಕ್ಕೆ ಖರ್ಚೇ ಇಲ್ಲ, ಆದ್ದರಿಂದ 20 ಕಂಡರೂ ಹಾಕಿ. ಜೂನ್–ಅಕ್ಟೋಬರ್‌ನಲ್ಲಿ ತೆಗೆಯಲೇ ಬೇಡಿ. ಅರ್ಧ ತಾಸು ಬೇಗ ಅಥವಾ ತಡವಾಗಿ ಹೊರಡುವುದು 50ಕ್ಕೆ. ಸೈಕಲ್ ಪೂರ್ತಿ ಬಿಡುವುದು ನಿಮ್ಮ ಗಂಟೆಯಲ್ಲಿ 70 ದಾಟಿ, ಪ್ರಮಾಣ ಗಂಟೆಗೆ 5 ಮಿ.ಮೀ.ಗಿಂತ ಹೆಚ್ಚು ತೋರಿಸಿದಾಗ. ಒಂದು ಮಿ.ಮೀ. ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು, ಅದರಿಂದ ಅಂದಾಜು ಮಾಡಿಕೊಳ್ಳಿ. ಇವು ನನ್ನ ಅಂಕಿಗಳು. ಒಂದು ತಿಂಗಳು ಡೈರಿಯಲ್ಲಿ ನಾಲ್ಕು ಕಾಲಂ ಹಾಕಿ: ಬರುತ್ತದೆ ಅಂದಿತು ಬಂತು, ಅಂದಿತು ಬರಲಿಲ್ಲ, ಇಲ್ಲ ಅಂದಿತು ಬಂತು, ಇಲ್ಲ ಅಂದಿತು ಬರಲಿಲ್ಲ. ನಿಮ್ಮ ಎರಡು ಸವಾರಿಯ ಗಂಟೆಗಳದ್ದು ಮಾತ್ರ ಬರೆಯಿರಿ. ಯಾವ ಆ್ಯಪ್ ಮೂರನೇ ಕಾಲಂನಲ್ಲಿ ಹೆಚ್ಚು ಸಲ ಬಂತೋ ಅದನ್ನು ಅಳಿಸಿ.

ಗುಡುಗು ಮಳೆಯ ಸಂಜೆಗೆ ಪರ್ಸೆಂಟ್ ಬೇಡವೇ ಬೇಡ. ನಿಮ್ಮ ಸವಾರಿ 70 ನಿಮಿಷ. 30 ಕಿ.ಮೀ. ವೇಗದ ಮೋಡ ಅಷ್ಟರಲ್ಲಿ 35 ಕಿ.ಮೀ. ಬರುತ್ತದೆ. 35 ಕಿ.ಮೀ. ಒಳಗೆ 40 ಡಿಬಿಝಡ್ ದಾಟಿದ ಮೋಡ ನಿಮ್ಮ ಕಡೆ ಮುಖ ಮಾಡಿದ್ದರೆ ಆಫೀಸಿನಲ್ಲೇ ಕೂತಿರಿ. ಬಿಡಿ ಮೋಡದ ಆಯಸ್ಸು ಸಾಮಾನ್ಯವಾಗಿ ಅರ್ಧ ತಾಸಿನಿಂದ ಒಂದು ತಾಸು, ಮುಕ್ಕಾಲು ತಾಸು ಕಾದರೆ ಹೆಚ್ಚಿನವು ಮುಗಿದುಹೋಗುತ್ತವೆ. ಸಾಲುಸಾಲಾಗಿ ಬರುತ್ತಿದ್ದರೆ ಸೈಕಲ್ಲಿನ ಫ್ರೇಮ್ ಸೇರಿಸಿ ಬೀಗ ಹಾಕಿ ಅಲ್ಲೇ ಬಿಟ್ಟು ಚಿಗರಿ ಬಸ್ ಹತ್ತಿ. ಜುಲೈನ ಜಿಟಿಜಿಟಿಗೆ ಮಾತ್ರ ಕಾಯಬೇಡಿ, ಅದು ಕಾದಷ್ಟೂ ಕಾಯಿಸುತ್ತದೆ.

ಕಡ್ಡಿ_ಚೈನು:

ಜಾಕೆಟಿನ ಬೆವರಿಗೆ ಉಪಾಯ: ಜಿಟಿಜಿಟಿಗೆ ಜಾಕೆಟ್ ಹಾಕಲೇಬ್ಯಾಡ್ರಿ. ಪಾಲಿಸ್ಟರ್ ಟೀ ಶರ್ಟು, ಚಡ್ಡಿ, ಪ್ಲಾಸ್ಟಿಕ್ ಸ್ಯಾಂಡಲ್ ಹಾಕ್ಕೊಂಡು ತೊಯ್ಸಿಕೋತ ಹೋಗ್ರಿ, ಆಫೀಸಿನ್ಯಾಗ ಬದಲಿ ಮಾಡ್ರಿ. ಕಾಟನ್ ಬ್ಯಾಡ, ನೀರು ಹಿಡದು ಭಾರ ಆಗ್ತದ. ಜೋರು ಮಳಿಗೆ, ಎದುರುಗಾಳಿಗೆ ಮಾತ್ರ ಜಾಕೆಟ್, ಕಂಕಳಕ್ಕ ಝಿಪ್ ಇರೂದು ನೋಡಿ ತಗೋರಿ.

ಅರಿವಿ ಒಣ ಇರಬೇಕಾದ್ರ ಚೀಲದ ಹೊರಗಿನ ರೇನ್‌ಕವರ್ ನಂಬಬ್ಯಾಡ್ರಿ, ಬೆನ್ನ ಕಡಿಂದ ನೀರು ಇಳೀತದ. ಗೊಬ್ಬರ ಚೀಲದ ಒಳಗಿನ ತೆಳು ಪ್ಲಾಸ್ಟಿಕ್ ಹಾಳಿ ಹೊಸಾದು ಸಿಕ್ರ ತಗೋರಿ. ಬಳಸಿದ್ದಾದ್ರ ಎರಡು ಸಲ ತೊಳದು ಆರಸಬೇಕು, ಉಪ್ಪಿನಂಶ ಉಳದ್ರ ಅರಿವಿಗೆ, ಲ್ಯಾಪ್‌ಟಾಪಿಗೆ ಹತ್ತತದ. ಅದನ್ನ ಚೀಲದ ಒಳಗ ಇಟ್ಟು, ಸಾಮಾನು ತುಂಬಿ, ಬಾಯಿ ಹಿಂಡಿ ತಿರುವಿ, ಮೂರು ಮಡಚಿ, ಹಳೇ ಟ್ಯೂಬಿನ ಉಂಗುರ ಹಾಕಿಬಿಡ್ರಿ. ಬೂಟು ಆಫೀಸಿನ್ಯಾಗ ಒಂದು ಜೋಡಿ ಇರಲಿ. ತೊಯ್ದ ಬೂಟಿನ್ಯಾಗ ಪೇಪರ್ ಉಂಡಿ ತುರುಕಿ ಒಂದು ತಾಸಿಗೆ ಬದಲಸ್ರಿ, ಸಂಜೀತನಕ ಹಂಗ ಬಿಟ್ಟ್ರ ಆ ಪೇಪರ್ ನೀರು ಹಿಡಕೊಂಡ ಕುಂದರ್ತದ.